ಗುರಿ ಹಿಡಿದ ಗೃಹಿಣಿಯರು

"ಹೆಂಗಸರ ಕೈಗೆ ಸೌಟು ಚೆಂದ, ಬಂದೂಕು ಯಾಕೆ?" ಎಂದು ಕೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅಂಥವರು ಒಮ್ಮೆ ಕೊಡಗಿಗೆ ಹೋಗಿ ಬರಬೇಕು. ಗದ್ದೆಯ ನಾಟಿ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದ ದಿನ ಅಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಲ್ಲಿ ಹೆಂಗಸರೂ ಗುರಿಯಿಟ್ಟು ನಿಲ್ಲುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಆದರೆ ಆ ಸೌಲಭ್ಯ ಅವರದು. ಮಿಕ್ಕವರು ಗುರಿ ಕಲಿಯಬೇಕೆಂದರೆ ಬೇರೆ ದಾರಿಯನ್ನೇ ಹಿಡಿಯಬೇಕು.

ನಾನಿರುವುದು ಬೆಂಗಳೂರಿನ ಹಲಸೂರಿನಲ್ಲಿ. ಈ ಕಡೆಯನ್ನು ಹಳಬರು ಈಗಲೂ 'ದಂಡು' ಅನ್ನುತ್ತಾರೆ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಇಳಿಸಿದ್ದರಿಂದ ಬಂದ ಹೆಸರು. ಹಲಸೂರು ಕೆರೆಯ ಹತ್ತಿರವೇ ಮದ್ರಾಸ್ ಸ್ಯಾಪರ್ಸ್ ಸೈನಿಕರ ಕೇಂದ್ರವಿದೆ. ಹೀಗೆ ಸಿಪಾಯಿಗಳ ನೆರೆಯಲ್ಲೇ ಬೆಳೆದರೂ ನಮ್ಮಂಥ ಹೆಂಗಸರು ಬಂದೂಕನ್ನು ಕಂಡದ್ದು ಗಣರಾಜ್ಯೋತ್ಸವದ ಕವಾಯತಿನಲ್ಲಿ ಮಾತ್ರ!

ನಾವು ಆರು ಜನ ಸೇರಿ ಗುಂಪು ಕಟ್ಟಿದ್ದಕ್ಕೆ ಕಾರಣ ಶೋಕಿಯಲ್ಲ. ನಮ್ಮ ಬೀದಿಯ ಹುಡುಗನೊಬ್ಬನಿಗೆ ಅವನ ಸೋದರಮಾವ ಏರ್ ಗನ್ ತಂದುಕೊಟ್ಟಿದ್ದರು. ಅವನು ತಾರಸಿಯಲ್ಲಿ ನಿಂತು ಗಿಳಿಗಳಿಗೆ ಗುರಿಯಿಡುತ್ತಿದ್ದ. ಒಂದು ದಿನ ಗುಂಡು ನೀರಿನ ತೊಟ್ಟಿಗೆ ತಾಗಿ ಸಿಡಿದು ಪಕ್ಕದ ಮನೆಯ ಮಗುವಿನ ಹುಬ್ಬಿನ ಮೇಲೆ ಗಾಯ ಮಾಡಿತು. ಅರ್ಧ ಇಂಚು ಕೆಳಗಾಗಿದ್ದರೆ ಕಣ್ಣೇ ಹೋಗುತ್ತಿತ್ತು. ಗಿಳಿಗಳಿಗೆ ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹುಡುಗನ ತಾಯಿ ಅಳುತ್ತಾ, "ಅಕ್ಕಾ, ಅದನ್ನು ಮುರಿದು ಬಿಸಾಕಲಾ?" ಎಂದು ಕೇಳಿದರು. ಶಿವಾಜಿನಗರದ ನಮ್ಮ ಗೆಳತಿ ಕಾಲೇಜಿನಲ್ಲಿ ಎನ್.ಸಿ.ಸಿ.ಯಲ್ಲಿದ್ದವರು. "ಮುರಿದರೆ ಇನ್ನೊಂದು ಬರುತ್ತೆ. ಮೊದಲು ನಾವು ಕಲಿಯೋಣ, ಆಮೇಲೆ ಮಕ್ಕಳಿಗೆ ಹೇಳೋಣ" ಎಂದರು. ಆ ಮಾತು ಎಲ್ಲರಿಗೂ ಒಪ್ಪಿಗೆಯಾಯಿತು.

ಮೊದಲು ಕಾನೂನು ತಿಳಿದುಕೊಂಡೆವು. ನಿಜವಾದ ಬಂದೂಕಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕೇ ಬೇಕು. "ನಮ್ಮ ಭಾವನವರ ಹತ್ತಿರ ಬಂದೂಕಿದೆ, ತೋಟದಲ್ಲಿ ಎಲ್ಲರೂ ಒಂದೊಂದು ಗುಂಡು ಹೊಡೆಯೋಣ" ಅನ್ನುವಂತಿಲ್ಲ. ಅವರ ಲೈಸೆನ್ಸ್ ಅವರಿಗೆ ಮಾತ್ರ. ರೈಫಲ್ ಕ್ಲಬ್ ನಡೆಸುವುದಕ್ಕೂ ಸರ್ಕಾರದ ಲೈಸೆನ್ಸ್ ಇರಬೇಕು. 2016ರ ನಿಯಮಗಳ ಪ್ರಕಾರ 0.177 ಇಂಚಿಗಿಂತ ದೊಡ್ಡದಲ್ಲದ, ಶಕ್ತಿ 20 ಜೌಲ್ ಮೀರದ ಏರ್ ರೈಫಲಿಗೆ ಲೈಸೆನ್ಸ್ ಬೇಡ. ಲೈಸೆನ್ಸ್ ಬೇಡವೆಂದರೆ ಆಟಿಕೆ ಎಂದು ಅರ್ಥವಲ್ಲ, ಅಷ್ಟನ್ನು ನಮ್ಮ ಬೀದಿಯೇ ಕಲಿಸಿತು.

ಹಾಗಾಗಿ ತಾರಸಿ, ಖಾಲಿ ಸೈಟು ಎಲ್ಲವನ್ನೂ ಬಿಟ್ಟು, ತರಬೇತುದಾರರಿರುವ ಶೂಟಿಂಗ್ ರೇಂಜ್ ಹುಡುಕಿದೆವು. ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ ಬೆಂಗಳೂರಿನಲ್ಲೇ ಇದೆ, ಖಾಸಗಿ ತರಬೇತಿ ಕೇಂದ್ರಗಳೂ ಇವೆ. ರೈಫಲ್ ಕೊಳ್ಳುವ ಗೋಜಿಗೆ ಹೋಗಲಿಲ್ಲ. ರೇಂಜಿನ ಎರಡು ರೈಫಲ್‌ಗಳಲ್ಲಿ ಸರದಿಯ ಪ್ರಕಾರ ಅಭ್ಯಾಸ. ಖರ್ಚಿಗೆ ಚೀಟಿಯ ಹಾಗೆ ತಿಂಗಳಿಗಿಷ್ಟು ಎಂದು ಎಲ್ಲರೂ ಹಾಕುತ್ತೇವೆ, ಲೆಕ್ಕದ ಪುಸ್ತಕ ಇಂದಿರಾನಗರದವರ ಹತ್ತಿರ. ಕೆ.ಆರ್. ಪುರದವರು ನೇರಳೆ ಮಾರ್ಗದ ಮೆಟ್ರೋದಲ್ಲಿ ಬರುತ್ತಾರೆ. ಮಕ್ಕಳು ಶಾಲೆಗೆ, ಯಜಮಾನರು ಕೆಲಸಕ್ಕೆ ಹೋದ ಮೇಲೆ ವಾರಕ್ಕೊಂದು ಬೆಳಿಗ್ಗೆ ನಮ್ಮದು.

ಗುಂಪು ಉಳಿಯುವುದು ಕಟ್ಟುಪಾಡಿನಿಂದ. ನಮ್ಮ ಕಟ್ಟುಪಾಡುಗಳು ಇವು:

ರೈಫಲ್ ಖಾಲಿಯಿದ್ದರೂ ತುಂಬಿದೆಯೆಂದೇ ತಿಳಿಯಬೇಕು. ನಳಿಗೆ ಸದಾ ಗುರಿಹಲಗೆಯ ಕಡೆಗೇ ಇರಬೇಕು. ಹೊಡೆಯುವ ಕ್ಷಣದವರೆಗೆ ಬೆರಳು ಕುದುರೆಗೆ ತಾಗಕೂಡದು. ಪ್ರತಿವಾರ ಒಬ್ಬರು ಮೇಲ್ವಿಚಾರಕಿ, ಅವತ್ತು ಅವರು ರೈಫಲ್ ಮುಟ್ಟುವುದಿಲ್ಲ, ನೋಡಿಕೊಳ್ಳುವುದಷ್ಟೇ. ಆದರೆ "ನಿಲ್ಲಿಸಿ" ಎಂದು ಯಾರು ಕೂಗಿದರೂ ಎಲ್ಲರೂ ರೈಫಲ್ ಕೆಳಗಿಡಬೇಕು, ಯಾಕೆ ಎಂದು ಆಮೇಲೆ ಕೇಳಬೇಕು. ಯಾರಾದರೂ ಗುರಿಹಲಗೆಯ ಹತ್ತಿರ ಹೋದಾಗ ರೈಫಲ್ ಮುಟ್ಟುವಂತಿಲ್ಲ. ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿರಬೇಕು, ಕಣ್ಣಿಗೆ ಕನ್ನಡಕ ಇರಬೇಕು.

ಇನ್ನೊಂದು ಮಾತು ತಾಯಂದಿರಿಗೆ. ಗುಂಡುಗಳು ಸೀಸದವು. ಸೀಸ ಮಕ್ಕಳಿಗೂ ಗರ್ಭಿಣಿಯರಿಗೂ ಕೆಟ್ಟದ್ದು. ಅಭ್ಯಾಸ ಮುಗಿದೊಡನೆ ಸೋಪು ಹಾಕಿ ಕೈ ತೊಳೆಯದೆ ಬಾಯಿಗೆ ಏನೂ ಹಾಕಬಾರದು, ಮಗುವನ್ನು ಎತ್ತಿಕೊಳ್ಳಬಾರದು. ಚಕ್ಕುಲಿ ಡಬ್ಬಿಯನ್ನು ನಾವು ರೇಂಜಿನ ಒಳಗೆ ಒಯ್ಯುವುದೇ ಇಲ್ಲ.

ಕಲಿಯುವುದು ಕಷ್ಟವೇ? ಗುರಿಹಲಗೆ 10 ಮೀಟರ್ ದೂರ. ಗುಂಡು 4.5 ಮಿಲಿಮೀಟರ್, ಕೊತ್ತಂಬರಿ ಬೀಜದಷ್ಟು. ಏರ್ ರೈಫಲ್ ಗುರಿಯ ನಟ್ಟನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್, ಹೆಚ್ಚುಕಡಿಮೆ ಚಿರೋಟಿ ರವೆಯ ಒಂದು ಕಾಳು! ಪಂದ್ಯದಲ್ಲಿ ನಿಂತು 60 ಗುಂಡು ಹೊಡೆಯಬೇಕು. ಮೊದಲ ತಿಂಗಳು ನಮ್ಮ ತೋಳು ಕುಕ್ಕರಿನ ವಿಷಲ್‌ನಂತೆ ನಡುಗುತ್ತಿತ್ತು. ಬಲ ಹಾಕಿದಷ್ಟೂ ಗುರಿ ತಪ್ಪುತ್ತದೆ. ಉಸಿರು ಅರ್ಧ ಬಿಟ್ಟು ತಡೆದು, ಕುದುರೆಯನ್ನು ಮೆತ್ತಗೆ ಹಿಂದಕ್ಕೆ ಒತ್ತಬೇಕು. ಹಾಲು ಉಕ್ಕೀತೆಂಬ ಚಿಂತೆ, ಅತ್ತೆಯವರ ಮಾತು, ಮಗನ ಮಾರ್ಕ್ಸು ಯಾವುದೂ ಆಗ ತಲೆಯಲ್ಲಿ ಇರಕೂಡದು. ಗೃಹಿಣಿಗೆ ಹಾಗೆ ಮನಸ್ಸು ಒಂದೇ ಕಡೆ ನಿಲ್ಲುವ ಗಳಿಗೆ ಎಷ್ಟು ಸಲ ಸಿಗುತ್ತದೆ ಹೇಳಿ?

ನಮ್ಮ ನೆಲದ ಹೆಣ್ಣುಮಕ್ಕಳು ಇದರಲ್ಲಿ ಹೆಸರು ಮಾಡಿದ್ದಾರೆ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಏರ್ ರೈಫಲ್ ಫೈನಲ್ ತಲುಪಿದರು. ಬೆಂಗಳೂರಿನ ದಿವ್ಯಾ ಟಿ.ಎಸ್. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಿಂದ ಪಿಸ್ತೂಲಿನಲ್ಲಿ ಬೆಳ್ಳಿ ತಂದರು. ವಯಸ್ಸಾಯಿತು ಅನ್ನುವವರಿಗೆ ಉತ್ತರ ಪ್ರದೇಶದ ಜೋಹ್ರಿ ಹಳ್ಳಿಯ ಚಂದ್ರೋ ತೋಮರ್ ಅಜ್ಜಿ ಇದ್ದಾರೆ. ಮೊಮ್ಮಗಳನ್ನು ರೇಂಜಿಗೆ ಕರೆದೊಯ್ದಿದ್ದ ಅವರು ಅರವತ್ತು ದಾಟಿದ ಮೇಲೆ ತಾವೇ ಪಿಸ್ತೂಲು ಹಿಡಿದು ಪದಕಗಳನ್ನು ಗೆದ್ದರು. 2021ರಲ್ಲಿ ತೀರಿಕೊಂಡರು.

ಆ ಹುಡುಗ ಈಗ ತಾಯಿಯ ಜೊತೆ ರೇಂಜಿಗೆ ಬರುತ್ತಾನೆ. ಅವನ ಏರ್ ಗನ್ ಗಾದ್ರೇಜ್ ಬೀರುವಿನಲ್ಲಿ, ಗುಂಡಿನ ಡಬ್ಬಿ ಬೇರೆ ಕಡೆ. ಎರಡರ ಬೀಗದ ಕೈಯೂ ತಾಯಿಯ ಸೊಂಟದಲ್ಲಿ.

ನಿಮ್ಮ ಊರಿನಲ್ಲೂ ನಾಲ್ಕು ಜನ ಆಸಕ್ತರು ಸಿಕ್ಕರೆ ಮೊದಲು ಹತ್ತಿರದ ಅಂಗೀಕೃತ ರೇಂಜನ್ನೂ ತಿಳಿದ ತರಬೇತುದಾರರನ್ನೂ ವಿಚಾರಿಸಿ. ಕಟ್ಟುಪಾಡನ್ನು ಬರೆದು ಎಲ್ಲರಿಂದ ಸಹಿ ಹಾಕಿಸಿ. ಗುರಿ ನಿಧಾನಕ್ಕೆ ಕೂಡಿ ಬರುತ್ತದೆ. ಅವಸರ ಮಾಡಬೇಡಿ!