ಶಾಲೆಯ ಅಂಗಳದಲ್ಲಿ ಹದಿನೈದು ನಿಮಿಷ

ಜತ್ತ ತಾಲ್ಲೂಕಿನ ಸಂಖ, ಉಮದಿಗಳಂತಹ ಗ್ರಾಮಗಳ ಮಕ್ಕಳು ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಕೇಳುತ್ತ ಬೆಳೆಯುತ್ತಾರೆ. ಕನ್ನಡದ ಕಾಜಾಣ ಮರಾಠಿಯಲ್ಲಿ ಕೋತವಾಲ, ಗೀಜಗ ಸುಗರಣ, ಎಕ್ಕೆ ರುಯಿ. ಮನೆಯ ಹಿರಿಯರ ಬಾಯಲ್ಲಿ ಮೂರನೆಯ ಹೆಸರೂ ಇರಬಹುದು. ಬರೆದಿಡದಿದ್ದರೆ ಅದು ಅವರೊಡನೆಯೇ ಅಳಿಯುತ್ತದೆ.

ಬಹುವರ್ಗ ಬೋಧನೆ, ದಾಖಲೆ, ಮಧ್ಯಾಹ್ನದ ಊಟಗಳ ನಡುವೆ ಶಿಕ್ಷಕರಿಗೆ ಇದಕ್ಕಾಗಿ ಪ್ರತ್ಯೇಕ ತಾಸು ದೊರೆಯದು. ಅದರ ಅಗತ್ಯವೂ ಇಲ್ಲ. ವಾರಕ್ಕೊಮ್ಮೆ, ಪ್ರಾರ್ಥನೆಗೆ ಮೊದಲು, ಅಂಗಳದ ಒಂದೇ ಮರದ ಬಳಿ 15 ನಿಮಿಷ ನಿಂತರೆ ಸಾಕು. ಪ್ರತಿ ಫೆಬ್ರವರಿಯಲ್ಲಿ 4 ದಿನ ನಡೆಯುವ ಜಾಗತಿಕ ಹಿತ್ತಲ ಹಕ್ಕಿ ಗಣತಿಯೂ ಕನಿಷ್ಠ ಅಷ್ಟೇ ಅವಧಿಯನ್ನು ಕೇಳುತ್ತದೆ.

ಹಕ್ಕಿ ಕಾಣದ ದಿನ ಎಕ್ಕೆಯ ಎಲೆಗಳನ್ನು ಗಮನಿಸಬೇಕು. ಕಪ್ಪು, ಬಿಳಿ, ಹಳದಿ ಪಟ್ಟೆಗಳ ಹುಳು ಅಲ್ಲಿ ಕಂಡೀತು. ಅದು ಕಿತ್ತಳೆ ಬಣ್ಣದ ಚಿಟ್ಟೆಯ ಮರಿ. ಎಕ್ಕೆಯ ಹಾಲಿನ ವಿಷವೇ ಅದಕ್ಕೆ ಹಕ್ಕಿಗಳಿಂದ ರಕ್ಷಣೆ. ಆ ಹಾಲು ಮಕ್ಕಳ ಕಣ್ಣಿಗೆ ತಾಗದಂತೆ ಎಚ್ಚರ ವಹಿಸಬೇಕು.

ದಿನಾಂಕ, ಸ್ಥಳ, ಕಂಡ ಜೀವಿ, ಮನೆಯಲ್ಲಿ ಕರೆಯುವ ಹೆಸರು: ವಹಿಯಲ್ಲಿ ಇವಿಷ್ಟೇ ಇರಲಿ. ಮನೆಯ ಹೆಸರನ್ನು ತಪ್ಪೆಂದು ತಿದ್ದದೆ, ಪಠ್ಯದ ಹೆಸರನ್ನು ಅದರ ಪಕ್ಕದಲ್ಲಿ ಬರೆಯಿಸಬೇಕು. ವರ್ಷಾಂತ್ಯಕ್ಕೆ ಆ ವಹಿಯೇ ಪರಿಸರ ಅಭ್ಯಾಸದ ಪಾಠವೂ ಊರಿನ ಶಬ್ದಕೋಶವೂ ಆಗುತ್ತದೆ.