ನಾಲ್ಕು ಚೌಕ, ಹದಿನಾರು ಮೂಲೆ

ಸೋಮನಾಥಪುರದ ಕೇಶವ ದೇವಾಲಯದ ನಕ್ಷೆ ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಅದರ ಮೂರು ಗರ್ಭಗುಡಿಗಳ ಹೊರಗೋಡೆ. ಒಂದೊಂದರದೂ 16 ಮೂಲೆಗಳ ನಕ್ಷತ್ರದ ವಿನ್ಯಾಸ. ಮಂಟಪಕ್ಕೆ ಕೂಡುವ ಕಡೆಯ ಮೂಲೆಗಳು ಮಾತ್ರ ಕಟ್ಟಡದೊಳಗೆ ಮರೆಯಾಗುತ್ತವೆ. ಇಂಥ ನಕ್ಷತ್ರವನ್ನು ಕಂಪ್ಯೂಟರಿನಲ್ಲಿ ಬಿಡಿಸಲು ಎರಡು ದಾರಿಗಳಿವೆ. ಮೊದಲನೆಯದು, 32 ಗೆರೆಗಳನ್ನು ಅಳೆದು ಅಳೆದು ಒಂದೊಂದಾಗಿ ಎಳೆಯುವುದು. ಎರಡನೆಯದು, ಒಂದೇ ಒಂದು ಚೌಕ ಬರೆದು, ಅದರ ನಡುಬಿಂದುವಿನ ಸುತ್ತ 22.5 ಡಿಗ್ರಿಯಂತೆ ಮೂರು ಸಲ ತಿರುಗಿಸಿ, ಹೀಗೆ ಸಿಕ್ಕ ನಾಲ್ಕು ಚೌಕಗಳ ಹೊರ ಅಂಚನ್ನಷ್ಟೇ ಉಳಿಸಿಕೊಳ್ಳುವುದು.

ಈ ಎರಡನೆಯ ದಾರಿಯ ಹೆಸರು ಪ್ಯಾರಾಮೆಟ್ರಿಕ್ ಮಾಡೆಲಿಂಗ್. ಇಲ್ಲಿ ವಿನ್ಯಾಸಕಾರರು ಬರೆಯುವುದು ಆಕಾರ ಹುಟ್ಟುವ ಕ್ರಮವನ್ನು. ಎಕ್ಸೆಲ್ ಹಾಳೆಯ ಒಂದು ಮನೆಯಲ್ಲಿ ಅಂಕಿ ಬದಲಿಸಿದರೆ ಕೆಳಗಿನ ಮೊತ್ತ ತಾನೇ ಬದಲಾಗುವ ಹಾಗೆ, ಒಂದು ಸಂಖ್ಯೆ ತಿದ್ದಿದರೆ ಇಡೀ ಕಟ್ಟಡ ಮರುಲೆಕ್ಕಗೊಳ್ಳುತ್ತದೆ.

ನಮ್ಮ ನಕ್ಷತ್ರದಲ್ಲಿ ಬದಲಿಸಬಹುದಾದ ಸಂಖ್ಯೆಗಳು ಎರಡೇ: ಚೌಕಗಳು ಎಷ್ಟು, ಚೌಕದ ಬದಿ ಎಷ್ಟುದ್ದ. ತಿರುಗಿಸುವ ಕೋನವನ್ನು ಬೇರೆ ಕೊಡಬೇಕಿಲ್ಲ. 90 ಡಿಗ್ರಿಯನ್ನು ಚೌಕಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗುತ್ತದೆ. ಪೈಥಾನ್ ಭಾಷೆಯಲ್ಲಿ ಕೆಲವೇ ಸಾಲುಗಳ ಸ್ಕ್ರಿಪ್ಟ್ ಇದು. ನಾಲ್ಕರ ಜಾಗದಲ್ಲಿ ಆರು ಎಂದು ಬರೆಯಿರಿ: ಕೋನ 15 ಡಿಗ್ರಿಗೆ ಇಳಿದು ಮೂಲೆಗಳು 24 ಆಗುತ್ತವೆ. ಗದಗ ಜಿಲ್ಲೆಯ ಡಂಬಳದಲ್ಲಿರುವ ದೊಡ್ಡಬಸಪ್ಪ ದೇವಾಲಯದ ಗರ್ಭಗುಡಿಯದು ಇದೇ 24 ಮೂಲೆಗಳ ನಕ್ಷತ್ರ. ಸೋಮನಾಥಪುರದ ಹೊಯ್ಸಳರ ಗುಡಿಗೂ ಡಂಬಳದ ಚಾಳುಕ್ಯ ಶೈಲಿಯ ಗುಡಿಗೂ ನಡುವೆ ಈ ಸ್ಕ್ರಿಪ್ಟಿಗೆ ಕಾಣುವ ವ್ಯತ್ಯಾಸ ಒಂದು ಅಂಕಿಯದು.

ಹಾಗಾದರೆ 24 ಚೌಕ ಕೊಟ್ಟು 96 ಮೂಲೆ ಮಾಡಿದರೆ? ಪರದೆಯ ಮೇಲೆ ಸ್ಲೈಡರ್ ಎಳೆದರೆ ಅದೂ ಬರುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಚೌಕದ ಬದಿ 8 ಮೀಟರ್ ಎಂದಿಟ್ಟುಕೊಂಡರೆ, ನಾಲ್ಕು ಚೌಕಗಳ ನಕ್ಷತ್ರದಲ್ಲಿ ಗೋಡೆಯ ಒಂದೊಂದು ಮುಖವೂ ಸುಮಾರು 133 ಸೆಂ.ಮೀ. ಅಗಲವಿರುತ್ತದೆ, ಆರು ಚೌಕಗಳಿಗೆ ಸುಮಾರು 93, ಇಪ್ಪತ್ತನಾಲ್ಕಕ್ಕೆ ಬರೀ 25. ಆಳೆತ್ತರದ ವಿಗ್ರಹಕ್ಕೆ ಅಲ್ಲಿ ಜಾಗವೆಲ್ಲಿ? ದೂರದಿಂದ ನೋಡಿದವರಿಗೆ ಅದು ಅಂಚು ತರಿತರಿಯಾದ ದುಂಡು ಗೋಡೆ. ಆದ್ದರಿಂದ ಸ್ಕ್ರಿಪ್ಟಿಗೆ ಇನ್ನೊಂದು ಸಾಲು ಸೇರಬೇಕು: ಮುಖದ ಅಗಲ ಇಂತಿಷ್ಟಕ್ಕಿಂತ ಕಡಿಮೆಯಾಗಕೂಡದು. ಕಲಿಯುವವರಿಗೆ ಆಕಾರ ಹುಟ್ಟಿಸುವ ಸಾಲುಗಳು ಬೇಗ ಕೈಗೆ ಬರುತ್ತವೆ. ಆಕಾರವನ್ನು ತಡೆಯುವ ಸಾಲು ಕಲ್ಲು, ಕೆಲಸಗಾರ, ನೋಡುವ ಕಣ್ಣು ಇವುಗಳ ಅರಿವಿದ್ದವರಿಗೆ ಮಾತ್ರ ಹೊಳೆಯುತ್ತದೆ.

ನಿಯಮ ಬರೆದು ಆಕಾರ ಪಡೆಯುವ ಈ ಯೋಚನೆ ಇಂದಿನ ಸಾಫ್ಟ್‌ವೇರ್‌ಗಳಿಗಿಂತ ಹಳೆಯದು. ಇಟಲಿಯ ಲುಯಿಜಿ ಮೊರೆಟ್ಟಿ 1960ರ ಮಿಲಾನ್ ಪ್ರದರ್ಶನದಲ್ಲಿ ಕ್ರೀಡಾಂಗಣಗಳ ಮಾದರಿಗಳನ್ನಿಟ್ಟಿದ್ದರು. ಪ್ರೇಕ್ಷಕರ ನೋಟದ ಕೋನದಂಥ ಅಂಶಗಳನ್ನು ಗಣಿತಕ್ಕೆ ಇಳಿಸಿ ಪಡೆದ ಆಕಾರಗಳವು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ರೂಪಿಸಿದ ಸ್ಕೆಚ್‌ಪ್ಯಾಡ್‌ನಲ್ಲಿ, ಎರಡು ಗೆರೆಗಳು ಸಮಾಂತರವಾಗಿಯೇ ಇರಬೇಕೆಂದು ಕಂಪ್ಯೂಟರಿಗೆ ಕಟ್ಟುಹಾಕಬಹುದಿತ್ತು. 2007ರಲ್ಲಿ ಡೇವಿಡ್ ರುಟನ್ ಅವರ ಗ್ರಾಸ್‌ಹಾಪರ್ ಬಂದ ಮೇಲೆ ಕೋಡ್ ಬಾರದವರೂ ಪರದೆಯ ಮೇಲಿನ ಪುಟ್ಟ ಪೆಟ್ಟಿಗೆಗಳನ್ನು ತಂತಿಗಳಿಂದ ಜೋಡಿಸಿ ನಿಯಮ ಬರೆಯುವಂತಾಯಿತು. ರೈನೋ ಎಂಬ ಮಾಡೆಲಿಂಗ್ ಸಾಫ್ಟ್‌ವೇರ್ ಜೊತೆ ನಡೆಯುವ ಇದನ್ನು ಇಂದು ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಬಹಳ ಕಡೆ ಕಲಿಯುತ್ತಾರೆ.

ತಂತಿ ಜೋಡಿಸುವುದು ಬಂದಮೇಲೆ ಸ್ಕ್ರಿಪ್ಟ್ ಏಕೆ? ಕೆಲವು ಲೆಕ್ಕಗಳಲ್ಲಿ ಬಂದ ಉತ್ತರವನ್ನೇ ಮತ್ತೆ ಪ್ರಶ್ನೆಯಾಗಿ ಒಳಗೆ ಕಳಿಸಬೇಕಾಗುತ್ತದೆ. ಗ್ರಾಸ್‌ಹಾಪರ್‌ನಲ್ಲಿ ತಂತಿ ಸುತ್ತಿ ಬಂದು ತನ್ನ ಮೂಲಕ್ಕೇ ಸೇರುವಂತಿಲ್ಲ. ಅಂಥ ಲೆಕ್ಕಕ್ಕೆ ಲೂಪ್ ಬೇಕು, ಅಂದರೆ ಕೋಡ್ ಬೇಕು.

ಇದಕ್ಕೆ ಒಳ್ಳೆಯ ಉದಾಹರಣೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಒಳಾಂಗಣಕ್ಕೆ 2000ದಲ್ಲಿ ಹೊದಿಸಿದ ಗಾಜಿನ ಚಾವಣಿ. ವಿನ್ಯಾಸ ನಾರ್ಮನ್ ಫಾಸ್ಟರ್ ಅವರ ಸಂಸ್ಥೆಯದು. ಹೊರ ಅಂಚು ಆಯತ, ಒಳ ಅಂಚು ದುಂಡನೆಯ ವಾಚನಾಲಯ. ಆ ವೃತ್ತವೂ ಅಂಗಳದ ಸರಿಯಾದ ನಡುವಿನಲ್ಲಿಲ್ಲ. ಬಾತ್ ವಿಶ್ವವಿದ್ಯಾಲಯದ ಕ್ರಿಸ್ ವಿಲಿಯಮ್ಸ್ ಮೊದಲು ಈ ಎರಡೂ ಅಂಚುಗಳಿಗೆ ಒಪ್ಪುವ ಬಾಗಿದ ಮೇಲ್ಮೈಯೊಂದನ್ನು ಸಮೀಕರಣದಲ್ಲಿ ಹಿಡಿದರು. ಆಮೇಲೆ ತಾವೇ ಬರೆದ ಪ್ರೋಗ್ರಾಂನಿಂದ ಅದರ ಮೇಲೆ ತ್ರಿಕೋನಗಳ ಬಲೆ ಹಾಸಿ, ಗಂಟುಗಳನ್ನು ಸ್ವಲ್ಪ ಸ್ವಲ್ಪವೇ ಜಾರಿಸುತ್ತ, ಬಲೆ ಹದವಾಗಿ ಕೂರುವವರೆಗೆ ಅದೇ ಲೆಕ್ಕವನ್ನು ಮತ್ತೆ ಮತ್ತೆ ಓಡಿಸಿದರು. ಹೀಗೆ ಸಿಕ್ಕವು 3,312 ಗಾಜಿನ ಹಲಗೆಗಳು. ಆಕಾರದಲ್ಲಿ ಒಂದರಂತೆ ಇನ್ನೊಂದಿಲ್ಲದ ಅಷ್ಟನ್ನೂ ಕೈಯಲ್ಲಿ ಬಿಡಿಸುವುದು ಆಗದ ಮಾತು.

ಹೊಸಬರು ಇಷ್ಟು ದೊಡ್ಡದಕ್ಕೆ ಕೈಹಾಕಬೇಕಿಲ್ಲ. ಒಂದು ಮೆಟ್ಟಿಲುಸಾಲು ಸಾಕು. ಮಹಡಿಯ ಎತ್ತರ 3 ಮೀಟರ್, ಒಂದು ಮೆಟ್ಟಿಲಿನ ಎತ್ತರ 15 ಸೆಂ.ಮೀ. ಮೀರಬಾರದು, ಕಾಲಿಡುವ ಅಗಲ 30 ಸೆಂ.ಮೀ. ಎಂಬುದು ನಿಯಮವಾಗಿರಲಿ. ಸ್ಕ್ರಿಪ್ಟ್ 20 ಏರುಗಳನ್ನು ಕೊಡುತ್ತದೆ. ನಡುವಿನ 19 ಹಾಸುಗಳಿಗೆ 5.7 ಮೀಟರ್ ಉದ್ದ ಬೇಕು. 6 ಮೀಟರಿನ ಕೋಣೆಯಲ್ಲಿ ಅದು ಹಿಡಿಸುತ್ತದೆ. ಮಹಡಿಯನ್ನು 20 ಸೆಂ.ಮೀ. ಎತ್ತರಿಸಿ ನೋಡಿ: ಏರುಗಳು 22 ಆಗುತ್ತವೆ, ಬೇಕಾದ ಉದ್ದ 6.3 ಮೀಟರ್ ಆಗುತ್ತದೆ, ಮೆಟ್ಟಿಲು ಗೋಡೆಯನ್ನು ತೂರಿಕೊಂಡು ಆಚೆ ಹೋಗುತ್ತದೆ. ಈಗ ಮೆಟ್ಟಿಲು ನಡುವೆ ತಿರುಗಬೇಕೋ, ಕೋಣೆ ಹಿಗ್ಗಬೇಕೋ, ಮಹಡಿಯೇ ತಗ್ಗಬೇಕೋ? ಸಾಫ್ಟ್‌ವೇರ್ ಈ ಮೂರನ್ನೂ ಮಾಡಬಲ್ಲದು. ಯಾವುದನ್ನು ಮಾಡಬೇಕೆಂದು ಬರೆಯಬೇಕಾದವರು ಮಾತ್ರ, ಆ ಮನೆಯಲ್ಲಿ ಹತ್ತಿ ಇಳಿಯುವವರು ಯಾರೆಂದು ಮೊದಲು ಕೇಳಿಕೊಂಡು ಬರಬೇಕು.