ಹಾವಿನ ಪೊರೆಯಲ್ಲ, ಕೂಸಿನ ಚರ್ಮ

ಅಪರೂಪಕ್ಕೊಮ್ಮೆ ಒಂದು ಕೂಸು ಮೈತುಂಬ ಬಿಗಿಯಾದ, ಹೊಳೆಯುವ ಪೊರೆ ಹೊದ್ದು ಹುಟ್ಟುತ್ತದೆ. ರೆಪ್ಪೆಗಳು ಹೊರಕ್ಕೆ ಮಗುಚಿಕೊಂಡು ಒಳಗಿನ ಕೆಂಪು ಕಾಣುತ್ತದೆ. ತುಟಿ ಎಳೆದುಕೊಂಡು ಬಾಯಿ ಮುಚ್ಚಲಾಗದು. ಕೆಲವು ದಿನಗಳಲ್ಲಿ ಪೊರೆ ಬಿರಿದು ಕಳಚತೊಡಗುತ್ತದೆ. ಕಂಡವರಿಗೆ ಹಾವಿನ ಪೊರೆ ನೆನಪಾಗುವುದು ಸಹಜ. ನಾಗಬನಗಳ ಮಲೆನಾಡಿನಲ್ಲಿ ಅಲ್ಲಿಂದ ಸರ್ಪದೋಷಕ್ಕೆ ಒಂದೇ ಹೆಜ್ಜೆ. ಬಸುರಿಯಲ್ಲಿ ಗ್ರಹಣ ನೋಡಿದ್ದಳೇ ಎಂಬ ವಿಚಾರಣೆ ಬಾಣಂತಿಯ ಮಂಚದ ಬಳಿಯೇ ಶುರುವಾಗುತ್ತದೆ.

ವೈದ್ಯರು ಇಂಥ ಕೂಸನ್ನು ‘ಕೊಲೋಡಿಯನ್ ಬೇಬಿ’ ಎನ್ನುತ್ತಾರೆ. ಅದರ ಹಿಂದೆ ಸಾಮಾನ್ಯವಾಗಿ ಇರುವುದು ಇಕ್ತಿಯೋಸಿಸ್ ಎಂಬ ಆನುವಂಶಿಕ ಕಾಯಿಲೆಗಳ ಗುಂಪು. ಗ್ರೀಕ್ ಭಾಷೆಯಲ್ಲಿ ‘ಇಕ್ತಿಸ್’ ಎಂದರೆ ಮೀನು. ನಮ್ಮವರು ಹಾವು ಕಂಡಲ್ಲಿ ಅವರು ಮೀನು ಕಂಡರು, ಅಷ್ಟೆ.

ಹುಟ್ಟಿದ ದಿನದ ರೂಪ ನೋಡಿ ಭವಿಷ್ಯ ಹೇಳಲಾಗದು. ಇಂಥ ಹತ್ತು ಕೂಸುಗಳಲ್ಲಿ ಸುಮಾರು ಒಂದರ ಚರ್ಮ ಕೆಲವೇ ವಾರಗಳಲ್ಲಿ ಬಹುಮಟ್ಟಿಗೆ ಸರಿಹೋಗುತ್ತದೆ. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಜೀವನವಿಡೀ ಹೊಪ್ಪಳೆಯ ಚರ್ಮ. ಇದಕ್ಕಿಂತ ಉಗ್ರವಾದದ್ದು ‘ಹಾರ್ಲೆಕ್ವಿನ್’ ಬಗೆ. ಅದರಲ್ಲಿ ಚರ್ಮ ದಪ್ಪ ಕವಚವಾಗಿ ಆಳವಾಗಿ ಸೀಳಿರುತ್ತದೆ. 1750ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್ನಿನ ಪಾದ್ರಿ ಆಲಿವರ್ ಹಾರ್ಟ್ ಅಂಥ ಕೂಸೊಂದನ್ನು ಕಂಡು ದಿನಚರಿಯಲ್ಲಿ ಬರೆದಿಟ್ಟಿದ್ದ. ಕಾರಣವಾದ ವಂಶವಾಹಿ ಪತ್ತೆಯಾದದ್ದು 2005ರಲ್ಲಿ.

ಹಾಗಾದರೆ ತೀವ್ರತೆಯನ್ನು ಅಳೆಯುವುದು ಹೇಗೆ? ಚರ್ಮದ ಮೊದಲ ಕೆಲಸ ಮೈಯೊಳಗಿನ ನೀರನ್ನು ಹಿಡಿದಿಡುವುದು. ಬಿರಿದ ಪೊರೆಯಿಂದ ನೀರೂ ಶಾಖವೂ ಸೋರುತ್ತವೆ, ರಕ್ತದಲ್ಲಿ ಸೋಡಿಯಂ ಏರುತ್ತದೆ, ಸೋಂಕು ಒಳನುಗ್ಗುತ್ತದೆ. ಆದ್ದರಿಂದ ಕಣ್ಣಳತೆಗಿಂತ ತಕ್ಕಡಿ, ಥರ್ಮಾಮೀಟರು, ರಕ್ತಪರೀಕ್ಷೆ ಹೆಚ್ಚು ನಿಜ ಹೇಳುತ್ತವೆ. ಎದೆಯ ಬಿಗಿತದಿಂದ ಉಸಿರು ಕಟ್ಟುತ್ತಿದೆಯೇ, ಬೆರಳುಗಳಿಗೆ ರಕ್ತ ಹರಿಯುತ್ತಿದೆಯೇ, ಕೂಸು ಹಾಲು ಚೀಪಬಲ್ಲುದೇ ಎಂದೂ ನೋಡಬೇಕು.

ಗುಳ್ಳೆ ಏಳುವ ಎಪಿಡರ್ಮೊಲೈಸಿಸ್ ಬುಲ್ಲೋಸಾ ಎಂಬ ಇನ್ನೊಂದು ಕಾಯಿಲೆಯಂತೂ ಹೆಚ್ಚು ಮೋಸಗೊಳಿಸುವಂಥದು. ಹುಟ್ಟಿದಾಗ ಇರುವ ಗುಳ್ಳೆಗಳ ಎಣಿಕೆ ಅಲ್ಲಿ ದೊಡ್ಡ ಗುರುತಲ್ಲ. ಚರ್ಮ ಯಾವ ಪದರದಲ್ಲಿ ಬಿಡುತ್ತಿದೆ ಎಂಬುದು ಮುಖ್ಯ. ಅಳು ಒಡಕು ದನಿಯದಾದರೆ ಕಾಯಿಲೆ ಗಂಟಲಿಗೂ ಇಳಿದಿರಬಹುದು.

ಭದ್ರಾವತಿಯಲ್ಲಿ ಹುಟ್ಟಿದ ಇಂಥ ಕೂಸನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಒಯ್ಯಬೇಕೆಂದರೆ ದಾರಿ ಸುಮಾರು ಇಪ್ಪತ್ತು ಕಿಲೋಮೀಟರು. ಆದರೆ ಮಳೆಗಾಲದ ಗಾಳಿಯಲ್ಲಿ ಅಷ್ಟೇ ದೂರ ಮೈ ತಣ್ಣಗಾಗಲು ಸಾಕು. ಮೈಯನ್ನು ಬೆಚ್ಚಗಿಡಬೇಕು. ಪೊರೆಯನ್ನು ಸುಲಿಯಬಾರದು, ಎಣ್ಣೆ ನೀವಿ ಎರೆಯಬಾರದು. ಹೊಪ್ಪಳೆ ಉದುರಿಸುವ ಸ್ಯಾಲಿಸಿಲಿಕ್ ಆಮ್ಲದ ಮುಲಾಮು ಹಸುಗೂಸಿನ ರಕ್ತಕ್ಕಿಳಿದು ವಿಷವಾಗುತ್ತದೆ. ಗುಳ್ಳೆಯ ಕೂಸಿಗೆ ಪ್ಲಾಸ್ಟರು ಅಂಟಿಸಿದರೆ ಅದರೊಡನೆ ಚರ್ಮವೂ ಬರುತ್ತದೆ. ಆಸ್ಪತ್ರೆಯ ಆರೈಕೆ ಮಾತ್ರ ತೀರಾ ಸರಳ: ತೇವ ತುಂಬಿದ ಇನ್‌ಕ್ಯುಬೇಟರು, ಅಪ್ಪಟ ಪೆಟ್ರೋಲಿಯಂ ಜೆಲ್ಲಿ, ಕಣ್ಣಿಗೆ ತಂಪಿನ ಮುಲಾಮು.

ಇಕ್ತಿಯೋಸಿಸ್‌ನ ಈ ಬಗೆಗಳಲ್ಲಿ ಬಹುಪಾಲು ಬರುವುದು ತಾಯಿ ತಂದೆ ಇಬ್ಬರಿಂದಲೂ ಕೆಟ್ಟ ವಂಶವಾಹಿ ಸಿಕ್ಕಾಗ ಮಾತ್ರ. ಸೋದರಮಾವ, ಅತ್ತೆಯ ಮಗ ಎಂದು ಒಳಗೊಳಗೇ ಹೆಣ್ಣು ಕೊಡುವ ಕಡೆ ಇದರ ಸಂಭವ ಹೆಚ್ಚು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ ಸುಮಾರು ಮೂರರಲ್ಲಿ ಒಂದರ ಹೆತ್ತವರು ರಕ್ತಸಂಬಂಧಿಗಳಾಗಿದ್ದರು. ಸಂಬಂಧವಿಲ್ಲದವರಿಗೂ ಇದು ಬರುತ್ತದೆ. ಬಾಣಂತಿಯೊಬ್ಬಳನ್ನೇ ವಿಚಾರಿಸುವವರು ಅರ್ಧ ಲೆಕ್ಕವನ್ನು ಮರೆಯುತ್ತಾರೆ. ಅಂಥ ದಂಪತಿಗೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಕೂಸಿನ ವಂಶವಾಹಿ ಪರೀಕ್ಷೆಯಾಗಿದ್ದರೆ ಮುಂದಿನ ಬಸಿರಿನ ಮೊದಲ ತಿಂಗಳುಗಳಲ್ಲೇ ಅದನ್ನು ತಿಳಿಯಬಹುದು.